ಹಳದಿ ಗುಂಡಿಯ ಕೋಟು

"ಇದನ್ನ ಹಾಕ್ಕೊಂಡು ನೋಡು! ಕನ್ನಡಿ ಆ ಕಡೆ ಇದೆ. ಬಾ, ಬಾ!"

ಪಿಟೀಲು ನೀಲಿ ಕೋಟನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡೇ ಓಡಿ ಬಂದಳು. ಎರಡು ಜಡೆಯ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು, ಕೋಟೇ ತನ್ನ ಮೈಮೇಲೆ ಬೀಳುತ್ತಿದೆಯೇನೋ ಅನ್ನುವ ಹಾಗೆ.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರಲ್ಲ. ಬಾಯಿ ತೆರೆದರೆ ನಿಲ್ಲಿಸದೆ ಕುಯ್ಯುತ್ತಾಳೆ ಅಂತ ಅಜ್ಜಿ ಇಟ್ಟದ್ದು. ಈಗ ಐದನೇ ಕ್ಲಾಸಿನ ಮಿಸ್ ಕೂಡ ಹಾಗೇ ಕರೆಯುತ್ತಿದ್ದರು. ಅವಳೂ ಖುಷಿಯಿಂದಲೇ ಓಗೊಡುತ್ತಿದ್ದಳು.

ಅವರು ನಿಂತಿದ್ದದ್ದು ಚರ್ಚಿನ ಹಿಂದಿನ ಉದ್ದ ಹಾಲಿನಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಅದು ಬಟ್ಟೆ ಅಂಗಡಿಯಾಗುತ್ತಿತ್ತು. ಊರಿನವರು ತಂದುಕೊಟ್ಟ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಸಾಲಾಗಿ ಹ್ಯಾಂಗರಿಗೆ ಹಾಕಿರುತ್ತಿದ್ದರು. ಬೇಕಾದವರು ಬಂದು ಆರಿಸಿಕೊಂಡು ಹೋಗಬಹುದು. ದುಡ್ಡು ಕೊಡಬೇಕಾಗಿಲ್ಲ. ನೀವು ಯಾವ ದೇವರನ್ನು ನಂಬುತ್ತೀರಿ ಅಂತ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ನಡೆಸುತ್ತಿದ್ದವರು ಸಿಸ್ಟರ್. ಬಾಗಿಲು ತೆಗೆಯುವ ಮೊದಲು ಸಹಾಯಕ್ಕೆ ಬಂದವರನ್ನೆಲ್ಲ ನಿಲ್ಲಿಸಿ ಒಂದು ನಿಮಿಷ ಪ್ರಾರ್ಥನೆ ಹೇಳುತ್ತಿದ್ದರು. ಆಮೇಲೆ ತೋಳು ಮಡಚಿಕೊಂಡು, "ಹೂಂ, ಇಸ್ತ್ರಿ ಪೆಟ್ಟಿಗೆ ಯಾರು ಆಫ್ ಮಾಡಿಲ್ಲ?" ಅಂತ ಗದರುತ್ತಿದ್ದರು.

ಪಿಟೀಲಿನ ಅಜ್ಜಿ ನಲವತ್ತು ವರ್ಷ ಟೈಲರ್ ಆಗಿದ್ದವಳು. ಈಗ ಶನಿವಾರಗಳಂದು ಇಲ್ಲಿಯ ಕಿಟಕಿಯ ಪಕ್ಕ ಕುಳಿತು ಹರಿದದ್ದನ್ನು ಹೊಲಿಯುತ್ತಿದ್ದಳು. ಅಜ್ಜಿಯ ಜೊತೆ ಪಿಟೀಲೂ ಬರುತ್ತಿದ್ದಳು. ಹ್ಯಾಂಗರ್ ಹಾಕುವುದು, ಸೈಜಿನ ಪ್ರಕಾರ ಜೋಡಿಸುವುದು ಅವಳ ಕೆಲಸ.

ನೀಲಿ ಕೋಟು ಅವಳದ್ದೇ. ತೋಳು ಗಿಡ್ಡವಾಗಿತ್ತು ಅಷ್ಟೆ. ಯಾರೂ ಹೇಳದೆಯೇ ಅದನ್ನು ಇಲ್ಲಿಗೆ ತಂದಿದ್ದಳು. ಎರಡು ಗುಂಡಿ ಕಳೆದುಹೋಗಿದ್ದವು. ಪಿಟೀಲು ಉಳಿದವನ್ನೂ ಕಿತ್ತುಹಾಕಿ, ದೊಡ್ಡ ದೊಡ್ಡ ಆರು ಹಳದಿ ಗುಂಡಿಗಳನ್ನು ತಾನೇ ಹೊಲಿದಿದ್ದಳು. ಮೂರು ಸಲ ಬೆರಳಿಗೆ ಸೂಜಿ ಚುಚ್ಚಿಸಿಕೊಂಡಿದ್ದಳು. ಸರಿಯಾದ ಹುಡುಗಿ ಬರಲಿ ಅಂತ ಕೋಟನ್ನು ದುಪ್ಪಟಿಗಳ ಹಿಂದೆ ಅಡಗಿಸಿಟ್ಟಿದ್ದಳು.

ಇವತ್ತು ಬಂದಿದ್ದಳು! ತನ್ನಷ್ಟೇ ವಯಸ್ಸು, ತನಗಿಂತ ಒಂಚೂರು ಗಿಡ್ಡ. ಜೊತೆಯಲ್ಲಿ ಅವಳ ಚಿಕ್ಕಮ್ಮ, ಆಸ್ಪತ್ರೆಯ ಆಯಾ. ಹನ್ನೊಂದಕ್ಕೆ ಡ್ಯೂಟಿ ಅಂತ ಯೂನಿಫಾರ್ಮಿನಲ್ಲೇ ಬಂದಿದ್ದರು.

ಹುಡುಗಿ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹಿಂದೆ ತಿರುಗಿ ನೋಡಿದಳು. ಮತ್ತೆ ಮುಂದೆ ತಿರುಗಿದಳು. ಆಮೇಲೆ ಒಂದೊಂದೇ ಗುಂಡಿ ಬಿಚ್ಚಿದಳು.

"ಬೇಡ," ಎಂದಳು.

"ಯಾಕೆ? ಟೈಟಾ?"

"ಇಲ್ಲ. ಇಷ್ಟ ಆಗ್ಲಿಲ್ಲ."

ಕೋಟನ್ನು ಪಿಟೀಲಿನ ಕೈಗೆ ಕೊಟ್ಟು ಅವಳು ಸ್ವೆಟರುಗಳ ಕಡೆ ನಡೆದಳು. ಪಿಟೀಲು ಬೆನ್ನು ಬಿಡಲಿಲ್ಲ. "ಇದು ನಂದೇ ಕೋಟು. ಗುಂಡಿ ನಾನೇ ಹೊಲಿದಿದ್ದು. ಎಷ್ಟು ಬೆಚ್ಚಗಿರುತ್ತೆ ಗೊತ್ತಾ?"

"ಇರಬಹುದು." ಹುಡುಗಿ ಒಂದು ಬೂದು ಸ್ವೆಟರಿನ ತೋಳನ್ನು ಮುಟ್ಟಿ ನೋಡುತ್ತಿದ್ದಳು.

ಪಿಟೀಲಿಗೆ ಮೂಗಿನ ತುದಿಯಲ್ಲೇ ಕೋಪ. "ಫ್ರೀಯಾಗಿ ಸಿಗ್ತಿರೋವಾಗ ಇಷ್ಟೊಂದು ಚಾಯ್ಸ್ ಮಾಡ್ತೀಯಲ್ಲ!"

ಮಾತು ಜೋರಾಗಿಯೇ ಬಂದುಬಿಟ್ಟಿತು. ಇಡೀ ಹಾಲಿಗೇ ಕೇಳಿಸಿತು. ಎರಡು ಶರ್ಟುಗಳನ್ನು ಹಿಡಿದು ಯಾವುದು ಚಂದ ಅಂತ ನೋಡುತ್ತಿದ್ದ ಉದ್ದನೆಯ ಮನುಷ್ಯನೊಬ್ಬ ಎರಡನ್ನೂ ಸದ್ದಿಲ್ಲದೆ ವಾಪಸ್ ತೂಗುಹಾಕಿದ. ಹುಡುಗಿ ಸ್ವೆಟರಿನ ತೋಳನ್ನು ಬಿಟ್ಟಳು. ಸೀದಾ ಬಾಗಿಲು ದಾಟಿ ಹೊರಗೆ ಹೋದಳು.

"ಅಯ್ಯೋ, ಬಾರೇ! ನಂಗೆ ಹೊತ್ತಾಗುತ್ತೆ!" ಚಿಕ್ಕಮ್ಮ ಕೂಗಿದರು. ಅವಳು ತಿರುಗಿ ನೋಡಲಿಲ್ಲ.

ಸಿಸ್ಟರ್ ಗದರುತ್ತಾರೆ ಅಂತ ಪಿಟೀಲು ಕಾದಳು. ಅವರು ಗದರಲಿಲ್ಲ. ಚಿಕ್ಕಮ್ಮನಿಗೆ ಕುರ್ಚಿ ಹಾಕಿ, ಟೀ ಕೊಟ್ಟು, ಆ ಉದ್ದನೆಯ ಮನುಷ್ಯನ ಹತ್ತಿರ ಹೋದರು. ಅದು ಗದರುವುದಕ್ಕಿಂತ ಕಷ್ಟವಾಗಿತ್ತು.

ಪಿಟೀಲು ಕೋಟನ್ನು ಅವುಚಿಕೊಂಡು ಕಿಟಕಿಯ ಹತ್ತಿರ ಬಂದಳು. "ಅಜ್ಜಿ, ನಾನು ಹೇಳಿದ್ದು ತಪ್ಪಾ?"

ಅಜ್ಜಿ ಹಲ್ಲಿನಲ್ಲಿ ದಾರ ಕಡಿದಳು. "ನನ್ನ ಅಂಗಡೀಲಿ, ಹೊಲಿದಿದ್ದು ಇಷ್ಟ ಆಗ್ಲಿಲ್ಲ ಅಂದೋರು ಎಷ್ಟು ಜನಾನೋ."

"ಅವರು ದುಡ್ಡು ಕೊಡ್ತಿದ್ರಲ್ಲ!"

"ಕೊಡ್ತಿದ್ರು. ಆದ್ರೂ ಹಾಕ್ಕೊಳ್ಳೋ ಮೈ ಅವರದ್ದೇ ತಾನೇ?"

ಅಷ್ಟು ಹೇಳಿ ಅಜ್ಜಿ ಮತ್ತೆ ಹೊಲಿಗೆಗೆ ತಲೆ ಬಗ್ಗಿಸಿದಳು. ಪಿಟೀಲು ಕೋಟನ್ನು ಒಯ್ದು ಉಳಿದೆಲ್ಲ ಕೋಟುಗಳ ನಡುವೆ ಹಾಕಿ ಹೊರಗೆ ಬಂದಳು.

ಹುಡುಗಿ ಮೆಟ್ಟಿಲ ಮೇಲೆ ಮಂಡಿ ತಬ್ಬಿಕೊಂಡು ಕುಳಿತಿದ್ದಳು. ಗಾಳಿ ಚುಚ್ಚುವಷ್ಟು ತಣ್ಣಗಿತ್ತು.

"ಒಳಗೆ ಬಾ," ಎಂದಳು ಪಿಟೀಲು.

"ಬರಲ್ಲ."

"ನಿಮ್ಮ ಚಿಕ್ಕಮ್ಮಂಗೆ ಲೇಟಾಗುತ್ತೆ."

"ಆಗ್ಲಿ."

ಪಿಟೀಲೂ ಪಕ್ಕದಲ್ಲಿ ಕುಳಿತಳು. ಮೆಟ್ಟಿಲು ಮಂಜುಗಡ್ಡೆಯ ಹಾಗಿತ್ತು.

"ಸಾರಿ. ನಾನು ಹಾಗೆ ಹೇಳ್ಬಾರ್ದಿತ್ತು."

"ನಮ್ಮ ಮನೇಲಿರೋದೆಲ್ಲ ಯಾರೋ ಕೊಟ್ಟಿದ್ದು," ಎಂದಳು ಹುಡುಗಿ. "ಮಂಚ, ಸ್ಕೂಲ್ ಬ್ಯಾಗು, ಈ ಚಪ್ಪಲಿ. ಕೊಟ್ಟೋರೆಲ್ಲ 'ಚೆನ್ನಾಗಿದೆ ಅಲ್ವಾ? ಚೆನ್ನಾಗಿದೆ ಅಲ್ವಾ?' ಅಂತಾರೆ. ನಾನು ಹೂಂ ಅನ್ಬೇಕು. ಇಲ್ಲಿ ನಾವೇ ಆರಿಸ್ಕೋಬಹುದು ಅಂತ ಚಿಕ್ಕಮ್ಮ ಹೇಳಿದ್ರು. ಅದಕ್ಕೇ ಬಂದೆ."

ಪಿಟೀಲಿನ ಕಿವಿ ಬಿಸಿಯಾಯಿತು. 'ಎಷ್ಟು ಬೆಚ್ಚಗಿರುತ್ತೆ ಗೊತ್ತಾ' ಅಂತ ತಾನು ಬೆನ್ನು ಹತ್ತಿ ಹೇಳಿದ್ದು ನೆನಪಾಯಿತು.

"ಆ ಕೋಟು ನಿಜವಾಗ್ಲೂ ಇಷ್ಟ ಆಗ್ಲಿಲ್ವಾ?"

"ಗುಂಡಿಗಳು ಟ್ರಾಫಿಕ್ ಸಿಗ್ನಲ್ ಥರ ಇವೆ."

ಪಿಟೀಲಿನ ಬಾಯಿ ತೆರೆದುಕೊಂಡಿತು. ಜಗಳಕ್ಕೆ ಅಂತ ತೆರೆದದ್ದು, ಆದರೆ ಹೊರಗೆ ಬಂದದ್ದು ನಗು. "ನಮ್ಮಜ್ಜಿನೂ ಅದನ್ನೇ ಹೇಳಿದ್ಲು. ನಾನೇ ಕೇಳ್ಲಿಲ್ಲ."

ಹುಡುಗಿಯ ತುಟಿಯೂ ಒಂಚೂರು ಅಲುಗಿತು.

"ಬಾ. ನಾನು ಹ್ಯಾಂಗರ್ ಹಿಡ್ಕೊಂಡು ನಿಂತಿರ್ತೀನಿ. ಬಾಯಿ ಬಿಡಲ್ಲ."

"ನೀನಾ?"

"ಟ್ರೈ ಮಾಡ್ತೀನಿ."

ಒಳಗೆ ಆ ಉದ್ದನೆಯ ಮನುಷ್ಯ ಮತ್ತೆ ಎರಡೂ ಶರ್ಟು ಹಿಡಿದು ಕನ್ನಡಿಯ ಮುಂದೆ ನಿಂತಿದ್ದ. ಹುಡುಗಿ ಅವನ ಹಿಂದೆ ನಿಂತು ಕಾದಳು. ಆಮೇಲೆ ಬೂದು ಸ್ವೆಟರ್ ಹಾಕಿ ನೋಡಿದಳು, ತೆಗೆದಳು. ಕಂದು ಹಾಕಿದಳು, ತೆಗೆದಳು. ಗೆರೆ ಇದ್ದದ್ದು, ಟೋಪಿ ಇದ್ದದ್ದು, ಜೇಬು ಇದ್ದದ್ದು. ಪಿಟೀಲಿನ ಕೈ ತುಂಬ ಹ್ಯಾಂಗರ್. ಎರಡೂ ತುಟಿ ಒಳಗೆ ಕಚ್ಚಿಕೊಂಡು ನಿಂತಿದ್ದ ಅವಳನ್ನು ನೋಡಿ ಸಿಸ್ಟರ್, "ಹಲ್ಲು ನೋವಾ?" ಅಂತ ಕೇಳಿದರು. ಪಿಟೀಲು ಇಲ್ಲ ಅಂತ ತಲೆಯಾಡಿಸಿದಳು.

ಕೊನೆಗೆ ಹುಡುಗಿಯ ಕಣ್ಣು ಅಜ್ಜಿಯ ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿ ಒಂದು ಹಸಿರು ಸ್ವೆಟರ್ ಇತ್ತು. ಮೊಣಕೈ ಹತ್ತಿರ ತೂತು.

"ಅದಿನ್ನೂ ಹೊಲಿದಿಲ್ಲ ಕಣಮ್ಮ," ಎಂದಳು ಅಜ್ಜಿ.

"ನಂಗೆ ಇದೇ ಬೇಕು." ಹುಡುಗಿ ಅದನ್ನು ಹಾಕಿಕೊಂಡು ಕನ್ನಡಿ ನೋಡಿದಳು. ಈ ಸಲ ಹಿಂದೆ ತಿರುಗಿ ನೋಡಲೇ ಇಲ್ಲ.

ಹತ್ತೂವರೆ. ಅಜ್ಜಿಯ ತೊಡೆಯ ಮೇಲೆ ಅರ್ಧ ಹೊಲಿದ ಪ್ಯಾಂಟು. ಅವಳು ಉಲ್ಲನ್ ದಾರಗಳ ಡಬ್ಬವನ್ನು ಪಿಟೀಲಿನ ಕಡೆ ತಳ್ಳಿದಳು. "ಚಿಕ್ಕ ತೂತು. ನೀನೇ ಹೊಲಿ."

ಸ್ವೆಟರಿಗೆ ಸರಿಯಾಗಿ ಹೊಂದುವ ಹಸಿರು ದಾರ ಮೇಲೆಯೇ ಇತ್ತು. ಪಿಟೀಲಿನ ಕೈ ಅದರತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಅವಳು ಡಬ್ಬವನ್ನೇ ಎತ್ತಿ ಹುಡುಗಿಯ ಮುಂದೆ ಹಿಡಿದಳು.

"ಯಾವುದು?"

ಹುಡುಗಿ ಡಬ್ಬವನ್ನೆಲ್ಲ ಕೆದಕಿದಳು. ಕಪ್ಪು ತೆಗೆದಳು, ಬಿಟ್ಟಳು. ಎಲ್ಲಕ್ಕಿಂತ ಕೆಳಗೆ ಕೈ ಹಾಕಿ ಕೆಂಪು ದಾರದ ಉಂಡೆಯೊಂದನ್ನು ಎಳೆದಳು. "ಇದು."

ಹಸಿರಿನ ಮೇಲೆ ಕೆಂಪಾ! ಪಿಟೀಲಿನ ನಾಲಿಗೆಯ ತುದಿಗೆ ಏನೋ ಬಂತು. ಅವಳು ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಸೂಜಿಗೆ ಪೋಣಿಸಿದಳು.

"ಹೊಲಿಗೆ ಸಣ್ಣದಾಗಿ ಹಾಕ್ಲಾ, ದೊಡ್ಡದಾಗಿ ಹಾಕ್ಲಾ?" ಎಂದು ಕೇಳಿದಳು.