ಚಿಕ್ಕಮ್ಮನ ಫ್ಲೈ ಕ್ಯಾಸ್ಟಿಂಗ್ ಪರೀಕ್ಷೆ

"ಕೊಡಿಲ್ಲಿ," ಎಂದು ಶಶಿಕಲಾ ಚಿಕ್ಕಮ್ಮ ಯಮುನಾಳ ಮಡಿಲಲ್ಲಿದ್ದ ಅವರೆಕಾಳಿನ ಬೋಗುಣಿಯನ್ನು ಕಿತ್ತುಕೊಂಡಳು.

ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಪುಳಕ್ಕನೆ ಹಾರುತ್ತದೆ. ಹಾರಿದ ಬೇಳೆ ಬೋಗುಣಿಯಲ್ಲೇ ಬೀಳಬೇಕು. ಯಮುನಾ ಹಿದುಕಿದ್ದರಲ್ಲಿ ಅರ್ಧಕ್ಕರ್ಧ ಸೋಫಾದ ಕೆಳಗೆ ಬೀಳುತ್ತಿತ್ತು. ಚಿಕ್ಕಮ್ಮನಿಗೆ ಅದನ್ನು ನೋಡಿಕೊಂಡು ಕೂರಲು ಆಗಲಿಲ್ಲ, ಅಷ್ಟೆ. ಯಮುನಾ ಮುಖ ಊದಿಸಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಎರಡೂ ಕೈಯಲ್ಲಿ ಪಟಪಟನೆ ಹಿದುಕಿ ಮುಗಿಸಿದ್ದಳು.

ಚಿಕ್ಕಮ್ಮ ಇರುವುದೇ ಹಾಗೆ. ಯಮುನಾ ಜಡೆ ಹಾಕಿಕೊಳ್ಳುತ್ತಿದ್ದರೆ ಬಾಚಣಿಗೆ ಕಿತ್ತುಕೊಳ್ಳುತ್ತಾಳೆ. ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದರೆ ಕತ್ತರಿ ಕಿತ್ತುಕೊಳ್ಳುತ್ತಾಳೆ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ಬೇರೆಯವರು ತಪ್ಪು ಮಾಡುವುದು ಕಣ್ಣಿಗೆ ಬಿದ್ದರೆ ಸಾಕು, ಅವಳ ಕೈ ಸುಮ್ಮನಿರುವುದಿಲ್ಲ.

ಆ ಕೈಯಿಂದಾಗಿಯೇ ಹೋದ ವರ್ಷ ಅವಳು ಪರೀಕ್ಷೆಯಲ್ಲಿ ಫೇಲಾಗಿದ್ದಳು.

ಅದು ಫ್ಲೈ ಕ್ಯಾಸ್ಟಿಂಗ್ ಕಲಿಸುವವರ ಪರೀಕ್ಷೆ. ಫ್ಲೈ ಕ್ಯಾಸ್ಟಿಂಗ್ ಅಂದರೆ ಗಾಳ ಎಸೆಯುವ ಒಂದು ವಿದ್ಯೆ. ಮಾಮೂಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿ ನೀರಿಗೆ ಬಿಡುತ್ತಾರಲ್ಲ, ಇದು ಹಾಗಲ್ಲ. ಇದರ ಗಾಳಕ್ಕೆ ಪುಕ್ಕ ಸುತ್ತಿ ನೊಣದ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ಕಲ್ಲೆಸೆದ ಹಾಗೆ ಎಸೆಯಲು ಬರುವುದಿಲ್ಲ. ಗಾಳದ ಕೋಲಿಗೆ ರಾಡ್ ಅನ್ನುತ್ತಾರೆ, ದಾರಕ್ಕೆ ಲೈನ್. ಉದ್ದನೆಯ ರಾಡ್ ಹಿಡಿದು, ಅದರ ದಪ್ಪ ಲೈನನ್ನು ಗಾಳಿಯಲ್ಲಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹಾರಿಸಬೇಕು. ಲೈನ್ ಸುರುಳಿ ಬಿಚ್ಚಿಕೊಂಡು ಹೋಗಿ ಗಾಳವನ್ನು ಮೆತ್ತಗೆ ಇಳಿಸುತ್ತದೆ. ಕಲಿಯುವಾಗ ನೀರೂ ಬೇಡ, ಮೀನೂ ಬೇಡ. ಗಾಳದ ಜಾಗದಲ್ಲಿ ಉಲ್ಲನ್ ಚೂರು ಕಟ್ಟಿಕೊಂಡು ಹುಲ್ಲಿನ ಮೇಲೆ ಕಲಿಯುತ್ತಾರೆ.

"ಉಲ್ಲಿನಾಗೆ ಮೀನು ಇಡಿಯಾಕೆ ಓಯ್ತಾವ್ಳೆ ನನ್ ಮಗ್ಳು," ಎಂದು ಚಿಕ್ಕಮುನಿಯಮ್ಮ ಅಜ್ಜಿ ಬಾಡಿಗೆದಾರರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಮಹದೇವಪುರದ ಹಳೇ ಊರಿನ ಆ ಮನೆಯ ಮೇಲೆ ಮೂರು ಅಂತಸ್ತು ಬಾಡಿಗೆಯವರೇ ಇದ್ದರು. ಹಾಗಾಗಿ ಅಜ್ಜಿಗೆ ನಗಲು ಜನಕ್ಕೇನೂ ಕಡಿಮೆ ಇರಲಿಲ್ಲ.

ಚಿಕ್ಕಮ್ಮ ಒಂದು ಸ್ಕೂಲಿನಲ್ಲಿ ಪಿ.ಟಿ. ಮೇಡಂ. ವೈಟ್‌ಫೀಲ್ಡ್ ಕಡೆಯ ಒಂದು ಕ್ಲಬ್ಬಿನಲ್ಲಿ ಈ ವಿದ್ಯೆ ಕಲಿತಿದ್ದಳು. ಈಗ ಅದನ್ನು ತನ್ನ ಸ್ಕೂಲಿನ ಹುಡುಗಿಯರಿಗೆ ಕಲಿಸಬೇಕೆಂದು ಅವಳಿಗೆ ಆಸೆಯೋ ಆಸೆ. ಹೆಡ್ ಮೇಡಂ ಮೈದಾನ ಕೊಡಲು ಒಪ್ಪಿದ್ದರು. ಆದರೆ ಸರ್ಟಿಫಿಕೇಟ್ ಇದ್ದರೆ ಮಾತ್ರ ಎಂದಿದ್ದರು. ಪರೀಕ್ಷೆ ನಡೆಯುವುದು ವರ್ಷಕ್ಕೆ ಒಂದೇ ಸಲ. ಹೋದ ಸಲ ಎಸೆಯುವ ಪರೀಕ್ಷೆಯಲ್ಲಿ ಚಿಕ್ಕಮ್ಮ ಪಾಸು. ಕಲಿಸುವ ಪರೀಕ್ಷೆಯಲ್ಲಿ ಒಬ್ಬ ಹುಡುಗನಿಗೆ ಹೇಳಿಕೊಡುತ್ತಾ ಹೇಳಿಕೊಡುತ್ತಾ ಅವನ ಕೈಯಿಂದ ರಾಡ್ ಕಿತ್ತುಕೊಂಡು ತಾನೇ ಎಸೆದುಬಿಟ್ಟಿದ್ದಳು. ಅಲ್ಲಿಗೆ ಮುಗಿಯಿತು.

ಅವತ್ತು ಸಂಜೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತಿದ್ದನ್ನು ಯಮುನಾ ನೋಡಿದ್ದಳು. ಪಾಪ ಅನ್ನಿಸಿ ಅವಳಿಗೂ ಅಳು ಬಂದಿತ್ತು.

ಈ ಸಲ ಪರೀಕ್ಷೆಗೆ ಕಲಿಯುವ ಮಗುವನ್ನು ತಾವೇ ಕರೆತರಬೇಕಿತ್ತು. ಆ ಮಗು ಯಾವತ್ತೂ ರಾಡ್ ಹಿಡಿದಿರಬಾರದು. ಚಿಕ್ಕಮ್ಮ ಹೆಚ್ಚು ಯೋಚಿಸಲಿಲ್ಲ. "ನಮ್ಮ ಯಮುನಾ ಇದ್ದಾಳಲ್ಲ, ಒಂದ್ಸಲಾನೂ ಮುಟ್ಟಿಲ್ಲ," ಎಂದಳು. ಮುಟ್ಟಲು ಚಿಕ್ಕಮ್ಮ ಎಲ್ಲಿ ಬಿಟ್ಟಿದ್ದಳು ಹೇಳಿ?

ಯಮುನಾ ಐದನೇ ಕ್ಲಾಸು. ಅವಳ ತಲೆ ಓಡಿದ್ದು ಹೀಗೆ. ತಾನು ತಪ್ಪು ಮಾಡುತ್ತೇನೆ. ತಪ್ಪು ಮಾಡಿದರೆ ಚಿಕ್ಕಮ್ಮ ಕಿತ್ತುಕೊಳ್ಳುತ್ತಾಳೆ. ಕಿತ್ತುಕೊಂಡರೆ ಫೇಲು. ಅಂದಮೇಲೆ ತಾನು ತಪ್ಪೇ ಮಾಡಬಾರದು.

ಚಿಕ್ಕಮ್ಮನ ಹಳೇ ರಾಡ್ ಬೀರುವಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಯಮುನಾ ಸ್ಕೂಲಿನಿಂದ ಬಂದವಳೇ ಅದನ್ನು ಎತ್ತಿಕೊಂಡು ಟೆರೇಸಿಗೆ ಓಡತೊಡಗಿದಳು. ಚಿಕ್ಕಮ್ಮ ಬರುವುದು ಸಂಜೆಗೆ, ಅದೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು. ಅಷ್ಟರೊಳಗೆ ನೀರಿನ ಟ್ಯಾಂಕಿನ ಪಕ್ಕ ನಿಂತು ಎಸೆದಿದ್ದೇ ಎಸೆದಿದ್ದು. ಚಿಕ್ಕಮ್ಮ ಮಾಡುವುದನ್ನು ಎಷ್ಟೋ ಸಲ ನೋಡಿದ್ದಳಲ್ಲ, ಅದನ್ನೇ ಕಾಪಿ ಹೊಡೆದಳು. ಅಜ್ಜಿಗೆ ಮಾತ್ರ ವಿಷಯ ಗೊತ್ತಾಯಿತು. ಯಾರಿಗೂ ಹೇಳಬೇಡ ಎಂದು ಯಮುನಾ ಗಲ್ಲ ಹಿಡಿದು ಬೇಡಿಕೊಂಡಿದ್ದಕ್ಕೆ ಅಜ್ಜಿ ಬಾಯಿ ಬಿಡಲಿಲ್ಲ. ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಉಲ್ಲನ್ ಚೂರು ಯಮುನಾ ಹೇಳಿದ ಜಾಗದಲ್ಲೇ ಹೋಗಿ ಬೀಳುತ್ತಿತ್ತು.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಮೈದಾನದಲ್ಲಿ ಚಳಿ ಇತ್ತು. ಪರೀಕ್ಷೆ ಮಾಡುವವರ ಹೆಸರು ಶಿವಶಂಕರ್. ತಲೆಗೆ ಅಗಲವಾದ ಟೋಪಿ, ಮೀಸೆ ಬೆಳ್ಳಗೆ. ಮಾತು ಕಡಿಮೆ. ಹುಲ್ಲಿನ ಮೇಲೆ ದೂರದಲ್ಲಿ ಒಂದು ನೀಲಿ ರಿಂಗ್ ಇಟ್ಟು ಬಂದು, ಅವರು ಯಮುನಾಳ ಮುಂದೆ ಬಗ್ಗಿದರು.

"ಪುಟ್ಟಿ, ಇದನ್ನ ಯಾವತ್ತಾದ್ರೂ ಹಿಡಿದಿದ್ದೀಯಾ?"

ಯಮುನಾ ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಉತ್ತರ ಕಿತ್ತುಕೊಂಡಳು. "ಇಲ್ಲ ಸಾರ್. ಇವತ್ತೇ ಫಸ್ಟು."

ಯಮುನಾಳಿಗೆ ಒಂದು ಥರಾ ಆಯಿತು. ಆದರೂ ಒಳ್ಳೆಯದೇ ಆಯಿತು, ಸುಳ್ಳು ನಾನು ಹೇಳಲಿಲ್ಲವಲ್ಲ ಎಂದುಕೊಂಡಳು.

ಚಿಕ್ಕಮ್ಮ ಶುರು ಮಾಡಿದಳು. ರಾಡ್ ಹೀಗೆ ಹಿಡಿ, ಹೆಬ್ಬೆರಳು ಮೇಲಿರಲಿ, ಹಿಂದಕ್ಕೆ ಎತ್ತು, ನಿಲ್ಲಿಸು, ಆಮೇಲೆ ಮುಂದಕ್ಕೆ. ಹೇಳಿ ಮುಗಿಯುತ್ತಿದ್ದಂತೆ ಯಮುನಾ ಎಸೆದಳು. ಲೈನ್ ಹಿಂದೆ ಚಾಚಿ, ಮುಂದೆ ಚಾಚಿ, ಉಲ್ಲನ್ ಚೂರು ನೀಲಿ ರಿಂಗಿನ ಒಳಗೆ ಹಗುರವಾಗಿ ಇಳಿಯಿತು.

ಯಮುನಾ ಹೆಮ್ಮೆಯಿಂದ ತಿರುಗಿ ನೋಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಮ್ಮ ಕಣ್ಣು ಬಿಟ್ಟುಕೊಂಡು ರಿಂಗನ್ನೇ ನೋಡುತ್ತಿದ್ದಳು.

ಶಿವಶಂಕರ್ ಇನ್ನೊಮ್ಮೆ ಎಸೆಯಲು ಹೇಳಿದರು. ಅದೂ ಸರಿಯಾಗಿ ಬಿತ್ತು.

"ಮೇಡಂ, ಮಗೂಗೆ ಮೊದಲೇ ಹೇಳಿಕೊಟ್ಟು ಕರ್ಕೊಂಡು ಬಂದಿದ್ದೀರಾ?" ಎಂದು ಅವರು ಕೇಳಿದರು. ದನಿ ಜೋರಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ಚಿಕ್ಕಮ್ಮನ ಮುಖ ಬಿಳುಚಿಕೊಂಡಿತು. ಇಲ್ಲ ಸಾರ್, ದೇವರಾಣೆಗೂ ಇಲ್ಲ ಎಂದಳು. ಶಿವಶಂಕರ್ ತಲೆಯಾಡಿಸಿದರು. ಮಗು ಎಸೆಯುವುದನ್ನು ನೋಡಲು ತಾವು ಬಂದಿಲ್ಲ, ಕಲಿಸುವುದನ್ನು ನೋಡಲು ಬಂದಿದ್ದು, ಎಲ್ಲ ಬರುವವಳಿಗೆ ಕಲಿಸುವುದಾದರೂ ಏನು, ತಾವು ಏನಂತ ಪಾಸು ಮಾಡುವುದು ಎಂದರು. ಮುಂದಿನ ವರ್ಷ ನೋಡೋಣ ಎಂದೂ ಸೇರಿಸಿದರು.

ಯಮುನಾ ಚಿಕ್ಕಮ್ಮನ ಮುಖ ನೋಡಿದಳು. ತಪ್ಪಿಲ್ಲದೆ ಮಾಡಿದರೂ ಫೇಲಾ? ಅದೂ ಚಿಕ್ಕಮ್ಮ ಸುಳ್ಳುಗಾರ್ತಿ ಅನ್ನಿಸಿಕೊಂಡು? ಹೇಳಿದರೆ ಬೈಸಿಕೊಳ್ಳಬೇಕು. ಹೇಳದಿದ್ದರೆ ಚಿಕ್ಕಮ್ಮ ಮತ್ತೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ.

"ಸಾರ್, ಚಿಕ್ಕಮ್ಮಂಗೆ ಗೊತ್ತಿಲ್ಲ," ಎಂದಳು. "ನಾನೇ ಟೆರೇಸಲ್ಲಿ ಕದ್ದು ಪ್ರಾಕ್ಟೀಸ್ ಮಾಡ್ದೆ."

"ಯಾಕಮ್ಮಾ?"

"ನಾನು ತಪ್ಪು ಮಾಡಿದ್ರೆ ಚಿಕ್ಕಮ್ಮ ರಾಡ್ ಕಿತ್ಕೋತಾಳೆ. ಅವಳಿಗೆ ತಡ್ಕೊಳ್ಳೋಕಾಗಲ್ಲ. ಅದಕ್ಕೆ."

ಚಿಕ್ಕಮ್ಮ ಬೈಯಲಿಲ್ಲ. ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು, ಅಷ್ಟೆ. ಅದು ಬೈದಿದ್ದಕ್ಕಿಂತ ಕಷ್ಟವಾಗಿತ್ತು. ಶಿವಶಂಕರ್ ಮೀಸೆಯ ಮೇಲೆ ಬೆರಳಿಟ್ಟುಕೊಂಡು ನಿಂತರು.

ಯಮುನಾ ಕೈಯಲ್ಲಿದ್ದ ರಾಡನ್ನು ನೋಡಿದಳು. ಅದನ್ನು ಮೆಲ್ಲಗೆ ಎಡಗೈಗೆ ಬದಲಾಯಿಸಿಕೊಂಡಳು.

"ಎಡಗೈಲಿ ನಂಗೆ ಬರಲ್ಲ ಸಾರ್. ನಿಜವಾಗ್ಲೂ ಬರಲ್ಲ. ಎಡಗೈಲಿ ನಾನು ಒಂದು ಗೆರೆ ಕೂಡ ನೆಟ್ಟಗೆ ಹಾಕಲ್ಲ."

ಶಿವಶಂಕರ್ ಅವಳನ್ನೂ ಚಿಕ್ಕಮ್ಮನನ್ನೂ ನೋಡಿದರು. ಕೊನೆಗೆ ಟೋಪಿ ಸರಿಮಾಡಿಕೊಂಡು, "ಆಯ್ತು, ಮಾಡಿ," ಎಂದರು.

ಅಯ್ಯೋ, ಅದೇನು ಎಡಗೈಯೋ. ಮೊದಲ ಏಟಿಗೇ ಲೈನ್ ಯಮುನಾಳ ಕುತ್ತಿಗೆ, ಕಿವಿ, ಜಡೆ ಎಲ್ಲಕ್ಕೂ ಸುತ್ತಿಕೊಂಡಿತು. ಬಿಡಿಸಿಕೊಂಡು ಎರಡನೇ ಸಲ ಎಸೆದರೆ ಬೆನ್ನ ಹಿಂದೆ ಫಟ್ ಎಂದು ಚಾಟಿಯ ಸದ್ದಾಯಿತು, ಲೈನ್ ಕಾಲ ಬಳಿಯೇ ಗುಡ್ಡೆಯಾಗಿ ಬಿತ್ತು. ಯಮುನಾಳಿಗೆ ನಾಚಿಕೆ, ಸಿಟ್ಟು ಎರಡೂ ಬಂತು. ಇಷ್ಟು ಹೊತ್ತು ಬಲಗೈಗೆ ಗೊತ್ತಿದ್ದದ್ದು ಎಡಗೈಗೆ ಒಂದಿಷ್ಟೂ ಗೊತ್ತಿರಲಿಲ್ಲ.

ಚಿಕ್ಕಮ್ಮನ ಕೈ ಮುಂದೆ ಬಂತು. ರಾಡಿನ ಹತ್ತಿರಕ್ಕೇ ಬಂತು.

ಕೈ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು. ಚಿಕ್ಕಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈಯಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು.

"ಏನು ಕೇಳಿಸ್ತು?" ಎಂದಳು ನಿಧಾನವಾಗಿ.

"ಫಟ್ ಅಂತು."

"ಯಾಕಿರಬಹುದು?"

ಯಮುನಾಳಿಗೆ ಗೊತ್ತಿರಲಿಲ್ಲ. ಟೆರೇಸಿನಲ್ಲಿ ಚಿಕ್ಕಮ್ಮನ ಹಾಗೆ ಕೈ ಆಡಿಸಿದ್ದಳೇ ಹೊರತು ಯಾಕೆ ಹಾಗೆ ಎಂದು ಯೋಚಿಸಿರಲೇ ಇಲ್ಲ. ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎನ್ನಲು ಹೆದರಿಕೆಯಾಗಲಿಲ್ಲ. ಚಿಕ್ಕಮ್ಮನಿಗೆ ಅವಸರವೇ ಇದ್ದಂತಿರಲಿಲ್ಲ.

ಈ ಸಲ ಹಿಂದಕ್ಕೆ ಎತ್ತಿದ ಮೇಲೆ ಕತ್ತು ತಿರುಗಿಸಿ ಲೈನನ್ನೇ ನೋಡು ಎಂದಳು ಚಿಕ್ಕಮ್ಮ. ಯಮುನಾ ಎತ್ತಿದಳು, ತಿರುಗಿ ನೋಡಿದಳು. ಲೈನ್ ಇನ್ನೂ ಮಡಚಿಕೊಂಡೇ ಹಿಂದಕ್ಕೆ ಹೋಗುತ್ತಿತ್ತು. ಅದು ಪೂರ್ತಿ ಬಿಚ್ಚಿಕೊಂಡಿರಲೇ ಇಲ್ಲ, ಅಷ್ಟರಲ್ಲಿ ತಾನು ಮುಂದಕ್ಕೆ ಎಳೆದುಬಿಡುತ್ತಿದ್ದಳು.

"ಕಾಯ್ಬೇಕಾ?" ಎಂದು ಕೇಳಿದಳು.

"ಕಾದು ನೋಡು."

ಕಾಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಒಮ್ಮೆ ಜಾಸ್ತಿ ಕಾದಿದ್ದಕ್ಕೆ ಲೈನ್ ಹಿಂದೆ ಹುಲ್ಲಿಗೆ ಬಿತ್ತು. ಇನ್ನೊಮ್ಮೆ ಕಡಿಮೆ ಕಾದಿದ್ದಕ್ಕೆ ಮತ್ತೆ ಫಟ್ ಎಂದಿತು. ಪ್ರತಿ ಸಲವೂ ಚಿಕ್ಕಮ್ಮ ತುಟಿ ಕಚ್ಚಿಕೊಳ್ಳುತ್ತಿದ್ದಳು. ಬೆನ್ನ ಹಿಂದಿನ ಕೈಗಳು ಮಾತ್ರ ಬಿಡಿಸಿಕೊಂಡು ಬರಲಿಲ್ಲ. ಕೊನೆಗೊಮ್ಮೆ ಲೈನ್ ಹಿಂದೆ ನೆಟ್ಟಗೆ ಚಾಚಿಕೊಂಡಿತು, ರಾಡನ್ನು ಯಾರೋ ಸ್ವಲ್ಪ ಜಗ್ಗಿದಂತಾಯಿತು. ಈಗ, ಎಂದು ಯಮುನಾಳಿಗೆ ತಾನಾಗಿಯೇ ಅನ್ನಿಸಿತು. ಮುಂದಕ್ಕೆ ತಂದಳು. ಲೈನ್ ಅಂಕುಡೊಂಕಾಗಿ ಹೋಗಿ ನೀಲಿ ರಿಂಗಿನಿಂದ ಆಚೆಗೆ, ಎಡಕ್ಕೆ ಬಿತ್ತು.

ಗುರಿ ತಪ್ಪಿತ್ತು. ಆದರೂ ಚಿಕ್ಕಮ್ಮನ ಕಣ್ಣು ತುಂಬಿಬಂದಿತ್ತು.

ಶಿವಶಂಕರ್ ಚಿಕ್ಕಮ್ಮನ ಹತ್ತಿರ ಬಂದು, "ಕೈ ಬಿಡಿ ಮೇಡಂ, ರಕ್ತ ಕಟ್ಟೋಗುತ್ತೆ," ಎಂದು ಮೊದಲ ಸಲ ನಕ್ಕರು. ಆಮೇಲೆ ಪಾಸು ಎಂದರು. ಮುಂದಿನ ಸಲ ಮಗುವಿನ ಉತ್ತರವನ್ನೂ ಮಗುವೇ ಹೇಳಲಿ ಎಂದೂ ಹೇಳಿದರು.

ಮನೆಗೆ ವಾಪಸು ಬರುವಾಗ ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿತು. ಭಾನುವಾರವಾದರೂ ಎದುರಿಗೆ ಬಸ್ಸುಗಳ ಸಾಲು. ಚಿಕ್ಕಮ್ಮ ಖುಷಿಯಾಗಿ ಹಾಡು ಗುನುಗುತ್ತಾಳೆ ಎಂದು ಯಮುನಾ ಅಂದುಕೊಂಡಿದ್ದಳು. ಆದರೆ ಕನ್ನಡಿಯಲ್ಲಿ ಚಿಕ್ಕಮ್ಮನ ಮುಖ ಸಪ್ಪಗಿತ್ತು.

"ನಂದು ಬಲಗೈದು ಚೆನ್ನಾಗಿತ್ತಾ?" ಎಂದು ಯಮುನಾ ಬೆನ್ನಿಗೆ ಗಲ್ಲ ಒತ್ತಿ ಕೇಳಿದಳು.

"ಸಕ್ಕತ್ತಾಗಿತ್ತು ಕಣೇ. ನನಗಿಂತ ಚೆನ್ನಾಗಿತ್ತು."

"ಮತ್ಯಾಕೆ ಬೇಜಾರು?"

"ಅದನ್ನ ನೀನು ಕಲಿಯೋವಾಗ ನಾನು ನೋಡ್ಲೇ ಇಲ್ಲವಲ್ಲೇ," ಎಂದಳು. "ಒಂದಿನಾನೂ ನೋಡ್ಲಿಲ್ಲ."

ಟೆರೇಸಿನ ಆ ಸಂಜೆಗಳನ್ನೆಲ್ಲ ಯಮುನಾ ಜೋಪಾನವಾಗಿ ಬಚ್ಚಿಟ್ಟಿದ್ದಳು. ಚೆನ್ನಾಗಿ ಬಂದಿದ್ದನ್ನು ಮಾತ್ರ ಚಿಕ್ಕಮ್ಮನಿಗೆ ತೋರಿಸಬೇಕು, ಉಳಿದಿದ್ದು ಯಾಕೆ ಎಂದುಕೊಂಡಿದ್ದಳು. ಚಿಕ್ಕಮ್ಮನಿಗೆ ಬೇಕಾಗಿದ್ದುದು ಆ ಉಳಿದದ್ದೇ ಎಂದು ಅವಳಿಗೆ ಈಗ ಗೊತ್ತಾಯಿತು.

"ಚಿಕ್ಕಮ್ಮಾ," ಎಂದಳು. "ಮೊದಲನೇ ದಿನ ಏನಾಯ್ತು ಗೊತ್ತಾ? ಮೂರನೇ ಮಹಡಿ ಅಣ್ಣಂದು ಆಫೀಸ್ ಶರ್ಟ್ ಒಣಗ್ತಿತ್ತಾ, ಅದರ ಜೇಬಿಗೆ ಸಿಕ್ಕಾಕೊಂಡು, ನಾನು ಎಳ್ದಿದ್ದಕ್ಕೆ ಶರ್ಟೇ ಹಾರ್ಕೊಂಡು ಪಕ್ಕದ ಮನೆ ಶೀಟ್ ಮೇಲೆ ಬಿತ್ತು."

"ಆಮೇಲೆ?"

ಸಿಗ್ನಲ್ ಬಿಟ್ಟಿತು. ಹಿಂದಿನಿಂದ ಹಾರ್ನ್ ಬಡಿಯತೊಡಗಿದರು. ಚಿಕ್ಕಮ್ಮ ಸ್ಕೂಟರನ್ನು ರಸ್ತೆಯ ಅಂಚಿಗೆ ತಂದು, ನಿಧಾನವಾಗಿ ಓಡಿಸಿದಳು. ಯಮುನಾ ತನ್ನ ತಪ್ಪುಗಳನ್ನು ಒಂದೊಂದಾಗಿ, ಒಂದನ್ನೂ ಬಿಡದೆ ಹೇಳುತ್ತಾ ಹೋದಳು.