ಮಣ್ಣು ಸೇರಿದ ಕೈಯ ಹೆಬ್ಬಟ್ಟು

"ಮೋಟಗೈ ತೋರಿಸಿ ಭಿಕ್ಷಾ ಬೇಡಾಕ ಬಂದೀಯೇನಲೇ ಲಾಡ್ಯಾ? ಜಾಲರಿ ಬಿಚ್ಚಿದಾಂವ ನೀನ, ಹೆಬ್ಬಟ್ಟು ಒತ್ತಿ ಒಪ್ಪಿಕೊಂಡಾಂವ ನೀನ. ಮ್ಯಾಲೆ ವಕೀಲರ ನೋಟೀಸು ಬ್ಯಾರೆ!"

1950ನೇ ಇಸವಿ ಫೆಬ್ರುವರಿ 27, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗದಗಿನ ಹತ್ತಿ ಜಿನ್ನಿನ ಅಂಗಳದಲ್ಲಿ ಎಂಬತ್ತು ಆಳುಗಳ ಮುಂದೆ ಅವರ ಮೇಸ್ತ್ರಿ ಮುಕಾದಮ ಅಂದಪ್ಪ ಲಾಡಸಾಬನಿಗೆ ಈ ಮಾತು ಅಂದ. ಕಿರುಬೆರಳು, ಉಂಗುರಬೆರಳು ಎರಡೂ ಇಲ್ಲದ ತನ್ನ ಎಡಗೈಯಲ್ಲಿ ಛಾಪಾ ಕಾಗದವೊಂದನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಅಲ್ಲಾಡಿಸಿದ. ಕೆಲವರು ನಕ್ಕರು. ನಗದವರು ನೆಲ ನೋಡಿದರು. ಅವರ ಹೊಟ್ಟೆಯೂ ಅದೇ ಅಂಗಳದಲ್ಲಿ ತುಂಬಬೇಕಿತ್ತಲ್ಲ, ಬಾಯಿ ಹೇಗೆ ಬಿಟ್ಟಾರು?

ಹತ್ತೂ ಇಪ್ಪತ್ತಕ್ಕೆ ಲಾಡಸಾಬ ಠಾಣೆಯ ಮೆಟ್ಟಿಲು ಹತ್ತಿದ. ಎಡ ಮೊಣಕೈಯಿಂದ ಕೆಳಗೆ ಅಂಗಿಯ ತೋಳು ಖಾಲಿ. ಅದರ ತುದಿಗೆ ಹೆಂಡತಿ ರಸೂಲಬಿ ಗಂಟು ಹಾಕಿದ್ದಳು. ಜೊತೆಗೆ ಪಾಂಡುರಂಗ ವಕೀಲರು.

ಫೌಜದಾರ ದೇವೇಂದ್ರಪ್ಪ ಬೆಂಚು ತೋರಿಸಿದರು. "ಕುಂಡ್ರಿ. ಏನಾತು, ಹೇಳ್ರಿ."

ವಕೀಲರೇ ಶುರು ಮಾಡಿದರು. "ಕೆಲಸದಾಗಿದ್ದಾಗ ಪೆಟ್ಟಾದರ ಮಾಲೀಕ ಪರಿಹಾರ ಕೊಡಬೇಕ್ರಿ, ಕಾಯದೆ ಐತಿ. ಕೈ ಸಿಗಬಾರದಂತ ಮಿಶನ್ನಿಗೆ ಹಾಕಿದ ಜಾಲರೀನ ಆಳು ತಾನ ಬೇಕಂತ ಬಿಚ್ಚಿದ್ದರ ಮಾತ್ರ ಕೊಡಬೇಕಾಗಿಲ್ಲ. 'ನಾನೇ ಬಿಚ್ಚಿದೆ' ಅಂತ ಇವನ ಹೆಸರಿಲೆ ಒಂದು ಕಾಗದ ಹುಟ್ಟೇತಿ. ಅದು ನಿಂತರ ಇವನ ಕೈಗೆ ಮೂರು ಕಾಸಿನ ಕಿಮ್ಮತ್ತಿಲ್ಲ."

"ನಿಮ್ಮ ಕಡೆ ಯಾವಾಗ ಬಂದ?"

"ಮೊನ್ನೆ. ಪೆಟ್ಟಾಗಿ ಹದಿನಾರು ದಿನಕ್ಕ! ಗೀರು ಬಿತ್ತು, ಮಾಲೀಕ ಒಪ್ಪಿಕೊಂಡ ಅಂದ್ರ ವಕೀಲ ಯಾಕ ಬೇಕ್ರಿ? ಅಂಗ ಹೋತು, ತಪ್ಪು ನಿಂದ ಅಂತ ಬೆರಳು ತೋರಿಸಿದ್ರು ಅಂದ್ರ ದವಾಖಾನಿಯಿಂದ ಸೀದಾ ಬರಬೇಕು. ಯಾವ ಕಾಗದಾನೂ ಮುಟ್ಟಬಾರದು."

"ನಾ ಮುಟ್ಟೇ ಇಲ್ರಿ," ಅಂದ ಲಾಡಸಾಬ.

"ಪೆಟ್ಟು ಎಂದಾತು?"

"ಒಂಬತ್ತನೇ ತಾರೀಖು, ಬೇಸ್ತವಾರ ಮಧ್ಯಾಹ್ನ."

"ಜಾಲರಿ?"

"ಮುಂಜಾನಿಂದ ಇರಲಿಲ್ರಿ. ಅರಳಿ ಸಿಗಬೀಳತೈತಿ, ತಡಾ ಆಗತೈತಿ ಅಂತ ಮುಕಾದಮ ಬಿಚ್ಚಿಸಿದ."

"ಆ ಕೈ ಏನಾತು?"

ಲಾಡಸಾಬ ಗಂಟು ಹಾಕಿದ ತೋಳು ನೋಡಿಕೊಂಡ. "ಮಣ್ಣಾಗ ಐತ್ರಿ. ಆದರೂ ತುರಸತೈತಿ. ಕಣ್ಣು ಮುಚ್ಚಿದರ ಸಾಕು, ಐದೂ ಬೆರಳು ಅರಳಿ ಆರಿಸಾಕ ಹತ್ತತಾವ. ನಾ ಇಲ್ಲೆ ಕುಂತಿರತೀನಿ, ಅದು ಅಲ್ಲೆ ದುಡಿಯತಿರತೈತಿ."

ಬರೆಯುತ್ತಿದ್ದ ಪೊಲೀಸ ಶ್ರೀಪಾದನ ಟಾಕು ನಿಂತಿತು. "ಇದನ್ನೂ ಬರೀಲೇನ್ರಿ ಸಾಹೇಬ್ರ?"

"ಬರಿ."

ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನ ಒಂದಕ್ಕೆ ಫೌಜದಾರರು ಜಿನ್ನಿಗೆ ಹೋದರು. ಅಂಗಳದ ತುಂಬ ಹತ್ತಿಯ ನವಿರು ತೇಲುತ್ತಿತ್ತು. ಬಿಸಿಲಿನಲ್ಲಿ ಅದು ಕೆಳಕ್ಕೂ ಬೀಳುವುದಿಲ್ಲ, ಮೇಲಕ್ಕೂ ಹೋಗುವುದಿಲ್ಲ. ಮನುಷ್ಯರು ಹುಬ್ಬು ಮೀಸೆ ಬಿಳಿಯಾಗಿಸಿಕೊಂಡು, ತಮ್ಮ ಮುಪ್ಪನ್ನು ತಾವೇ ಕನಸಿನಲ್ಲಿ ಕಂಡವರ ಹಾಗೆ ಓಡಾಡುತ್ತಿದ್ದರು. ಇಬ್ಬರು ಪಂಚರ ಎದುರಿಗೆ ಛಾಪಾ ಕಾಗದ ಜಪ್ತಿಯಾಯಿತು. ಪಂಚನಾಮೆಯಲ್ಲಿ ಶ್ರೀಪಾದ ಬರೆದ: ತಾರೀಖು 14 ಫೆಬ್ರುವರಿ 1950. ಕೊನೆಗೆ ಎಡಗೈ ಹೆಬ್ಬಟ್ಟಿನ ಗುರ್ತು.

ಬರೆದವನು ತಲೆ ಎತ್ತಿದ. "ಸಾಹೇಬ್ರ, ಎಡಗೈ ಅಂತ ಐತ್ರಿ."

"ನಾನೂ ಓದೇನಿ. ಸುಮ್ನಿರು."

ಎಲ್ಲ ಕಚೇರಿಯಲ್ಲೂ ಎಡಗೈ ಹೆಬ್ಬಟ್ಟೇ ಒತ್ತುವುದು. ರೂಢಿಯಲ್ಲಿ ಒತ್ತಿದವನಿಗೆ ಲಾಡಸಾಬನಿಗೆ ಆ ಕೈ ಈಗ ಇಲ್ಲ ಎಂಬುದೇ ಮರೆತಿತ್ತು.

ದವಾಖಾನೆಯ ದಫ್ತರದಲ್ಲಿ ಕೈ ಕತ್ತರಿಸಿದ್ದು ಒಂಬತ್ತನೇ ತಾರೀಖೆಂದು ಇತ್ತು. ಅಲ್ಲಿಂದ ಫೌಜದಾರರೂ ಶ್ರೀಪಾದನೂ ಬೆಟಗೇರಿಯ ಕಬರಸ್ತಾನಕ್ಕೆ ನಡೆದರು. ಗೋರಿ ತೋಡುವ ದಾದಾಪೀರ ಬೇವಿನ ಬುಡದಲ್ಲಿ ಒಂದು ದಿಬ್ಬ ತೋರಿಸಿದ. ಕೂಸಿನ ಗೋರಿಗಿಂತ ಸಣ್ಣದು.

"ಹತ್ತನೇ ತಾರೀಖು, ಶುಕ್ರವಾರ, ನಮಾಜಿಗಿಂತ ಮೊದಲ ಮಣ್ಣು ಮಾಡಿದ್ವಿ. ಅಂಗ ಆದರೂ ಬಿಳೇ ಅರಿವ್ಯಾಗ ಸುತ್ತಿ ಮಣ್ಣು ಕೊಡೋದು ನಮ್ಮ ರಿವಾಜ್ರಿ."

"ಆಮ್ಯಾಲೆ ಯಾರರ ತಗದಾರೇನು?"

"ಏನು ಮಾತ್ರಿ ಸಾಹೇಬ್ರ! ಅದರ ಮ್ಯಾಲೆ ಗರಿಕಿ ಎದ್ದೈತಿ, ನೋಡ್ರಿ."

ಐದು ಎಳೆ ಗರಿಕೆ ಎದ್ದಿದ್ದವು. ಮಾಗಡಿ ಕೆರೆಯ ಕಡೆಯಿಂದ ಬಾತುಗಳ ಸಾಲೊಂದು ತಲೆಯ ಮೇಲೆ ಹಾದುಹೋಯಿತು. ದೇವೇಂದ್ರಪ್ಪ ಯಾಕೋ ತಮ್ಮ ಎಡಗೈ ಮುಷ್ಟಿ ಕಟ್ಟಿ ಬಿಚ್ಚಿ ನೋಡಿಕೊಂಡರು. ಮಣ್ಣಿನೊಳಗಿಂದ ಎದ್ದು ಬಂದು, ಶಾಯಿ ಹಚ್ಚಿಕೊಂಡು, ಸದ್ದಿಲ್ಲದೆ ವಾಪಸು ಹೋಗಿ ಮಲಗುವ ಕೈಯೊಂದು ಅವರಿಗೆ ದಾರಿಯುದ್ದಕ್ಕೂ ಕಾಣುತ್ತಿತ್ತು.

ಮರುದಿನ ಹನ್ನೊಂದಕ್ಕೆ ಮಾಮಲೇದಾರ ಕಚೇರಿಯ ಕಟ್ಟೆ. ಅಲ್ಲಿ ಕೂತು ಅರ್ಜಿ ಬರೆದುಕೊಡುವ ಗುರುರಾಜ ಛಾಪಾ ಕಾಗದದ ಮೇಲಿನ ತನ್ನ ಅಕ್ಷರ ಗುರುತು ಹಿಡಿದ.

"ಯಾರು ಬಂದಿದ್ದರು?"

"ಲಾಡಸಾಬನ ಬಂದಿದ್ನಲ್ರಿ."

"ಹೆಂಗ ಗೊತ್ತು?"

"ಕೈ ನೋಡಿದೆನಲ್ಲ! ಜಿನ್ನಿನಾಗ ಕೈ ಹೋತು ಅಂದ. ಎಡಗೈಯಾಗ ಎರಡು ಬೆರಳು ಇರಲೇ ಇಲ್ಲ. ಪಾಪ ಅನ್ನಿಸಿ ಬರಿಯೋ ರೊಕ್ಕಾನೂ ತಗೊಳ್ಳಲಿಲ್ರಿ."

"ಗಾಯ ಹಸಿ ಇತ್ತೇನು?"

ಗುರುರಾಜ ಕಾಗದದ ತಾರೀಖು ಇನ್ನೊಮ್ಮೆ ನೋಡಿದ. "ಇಲ್ರಿ... ಮಾದಿತ್ತು. ಹಳೇದಿದ್ದಂಗ..."

ಅಂದು ಸಂಜೆಯೇ ಅಂದಪ್ಪನ ಹೆಬ್ಬಟ್ಟು ತೆಗೆದು, ಕಾಗದದ ಜೊತೆ ಪುಣೆಯ ಬೆರಳಚ್ಚು ಪರೀಕ್ಷಕರಿಗೆ ಕಳಿಸಿದರು. ಮಾರ್ಚ್ 21ಕ್ಕೆ ವರದಿ ಬಂತು: ಎರಡೂ ಒಂದೇ. ಯುಗಾದಿ ಆಗಿ ಮೂರನೆಯ ದಿನ, 22ನೇ ತಾರೀಖು ಬುಧವಾರ ಸಂಜೆ ನಾಲ್ಕಕ್ಕೆ, ಜಿನ್ನಿನ ಅದೇ ಅಂಗಳದಲ್ಲಿ, ಅದೇ ಎಂಬತ್ತು ಜನರ ಮುಂದೆ ಅಂದಪ್ಪನನ್ನು ಬಂಧಿಸಿದರು. ಈ ಸಲ ಯಾರೂ ನಗಲಿಲ್ಲ.

ಮಾಲೀಕರು ಹೊರಗೆ ಬರಲಿಲ್ಲ. ಇದು ಮುಕಾದಮನ ಖಾಸಗಿ ಕೆಲಸ, ಜಿನ್ನಿಗೆ ಸಂಬಂಧವಿಲ್ಲ ಎಂದು ಗುಮಾಸ್ತನ ಕೈಯಲ್ಲಿ ಚೀಟಿ ಕಳಿಸಿದರು. ಇಪ್ಪತ್ತು ವರ್ಷ ದುಡಿದವನಿಗೆ ಸಿಕ್ಕ ಬಿಳಿ ಹಾಳೆ ಅದೊಂದೇ.

ಠಾಣೆಯಲ್ಲಿ ಅಂದಪ್ಪ ಏನನ್ನೂ ಮುಚ್ಚಿಡಲಿಲ್ಲ.

"ಮಾಲೀಕರು ಮಾಡಂದ್ರೇನು?"

"ಅವರು ಮಾಡು ಅನ್ನಲಿಲ್ಲ. ಜಾಲರಿ ಯಾರು ಬಿಚ್ಚಿದರು ಅಂತ ಅಷ್ಟ ಕೇಳಿದ್ರು. ನನಗ ತಿಳೀತು."

"ಬರೇ ಅಂಜಿಕೀಗೇನು?"

ಅಂದಪ್ಪ ತನ್ನ ಎಡಗೈ ಮೇಜಿನ ಮೇಲೆ ಇಟ್ಟ. "ಇವು ಹೋಗಿ ಹನ್ನೆರಡು ವರುಷ ಆತ್ರಿ. ಅದೇ ಮಿಶನ್ನು. ಮೂರು ದಿನ ರಜಾ ಕೊಟ್ರು, ಅದಕ್ಕ ಕೈ ಮುಗದೆ. ಕಾಯದೆ ಆವಾಗೂ ಇತ್ತಂತ, ವಕೀಲರ ನೋಟೀಸು ಓದಿಸಿದ ಮ್ಯಾಲೆ ಗೊತ್ತಾತು. ವರುಷದೊಳಗ ಅರ್ಜಿ ಹಾಕಬೇಕಂತ. ಇಂವಗ ಸಿಗತೈತಿ, ನನಗ ಸಿಗಲಿಲ್ಲ ಅಂತ ಹೊಟ್ಟಿ ಉರೀತು. ಕಾಗದ ಅಂಜಿಕೀಗೆ ಮೊದಲ ಮಾಡಿಸಿದ್ದೆ. ಹರದು ಒಗಿಬೇಕು ಅಂದಕೊಂಡಾಂವ, ಅವತ್ತು ಅಂಗಳದಾಗ ಎತ್ತಿ ತೋರಿಸಿದೆ."

ಶ್ರೀಪಾದ ಇದನ್ನೂ ಬರೆಯಲೇ ಎಂದು ಕೇಳಲಿಲ್ಲ. ಬರೆದ.

ಹೇಳಿಕೆಗೆಂದು ಕರೆಸಿದ್ದ ಲಾಡಸಾಬ ಬಾಗಿಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನ ಪರಿಹಾರದ ಅರ್ಜಿ ಅಂದು ಬೆಳಿಗ್ಗೆಯೇ ದಾಖಲಾಗಿತ್ತು. ಅಡ್ಡ ಬರಲು ಈಗ ಯಾವ ಕಾಗದವೂ ಇರಲಿಲ್ಲ.

ಅಂದಪ್ಪ ಅವನನ್ನು ಕಂಡ. ದನಿ ಅಂಗಳದ ದನಿಯಾಗಿರಲಿಲ್ಲ.

"ಲಾಡ್ಯಾ, ನನ್ನ ಬೆರಳು ಹೋದ ದಿನ ಬಂಡ್ಯಾಗ ಹಾಕ್ಕೊಂಡು ನನ್ನ ದವಾಖಾನಿಗೆ ಒಯ್ದಾಂವ ನೀನ. ದಾರಿ ತುಂಬ ನನ್ನ ಕೈ ಹಿಡಕೊಂಡು ಕುಂತಿದ್ದಿ. ನಿನಗ ಈಗ ಯಾರೋ ವಕೀಲರ ಮನಿ ತೋರಿಸಿದರು. ನನಗ ಯಾಕ ಯಾರೂ ತೋರಿಸಲಿಲ್ಲ? ಹೇಳಲೇ. ಯಾಕ?"

ಲಾಡಸಾಬನ ಖಾಲಿ ತೋಳು ಸ್ವಲ್ಪ ಮುಂದಕ್ಕೆ ಬಂತು, ಇಲ್ಲದ ಕೈಯೊಂದು ಇನ್ನೊಂದು ಕೈಯನ್ನು ಹುಡುಕಿದ ಹಾಗೆ. ಆಮೇಲೆ ಅವನು ಬಲಗೈಯಿಂದ ಆ ಗಂಟನ್ನು ಹಿಡಿದುಕೊಂಡು, ಮೆಟ್ಟಿಲಿಳಿದು, ನವಿರು ತೇಲುತ್ತಿದ್ದ ಬೀದಿಯೊಳಗೆ ನಡೆದುಹೋದ.