ಹನ್ನೆರಡನೇ ನಿಮಿಷದ ನಂತರ

"ಮೇಡಂ, ನಿಮ್ಮ ಮೊಬೈಲನ್ನ ಪ್ರೊಜೆಕ್ಟರ್‌ಗೆ ಜೋಡಿಸಿ. ಭಯ ಬೇಡ, ಅದೇನೂ ಕಚ್ಚಲ್ಲ."

ತರಬೇತಿ ಕೊಡಲು ಬಂದಿದ್ದ ಮೇಷ್ಟ್ರು ಹಾಗೆಂದಾಗ ಕೋಣೆಯಲ್ಲಿದ್ದ ಮೂವತ್ತು ಜನ ಶಿಕ್ಷಕರೂ ನಕ್ಕರು. ವಿಜ್ಞಾನದ ಟೀಚರ್ ಮಾತ್ರ ನಗಲಿಲ್ಲ. ವಾರವಿಡೀ ನಿಂತು ಪಾಠ ಮಾಡಿ, ಶನಿವಾರ ಮಧ್ಯಾಹ್ನ ಮತ್ತೆ ಬೆಂಚಿನ ಮೇಲೆ ವಿದ್ಯಾರ್ಥಿನಿಯಂತೆ ಕೂತವಳಿಗೆ ನಗುವಷ್ಟು ಶಕ್ತಿ ಉಳಿದಿರಲಿಲ್ಲ.

ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಅವಳ ಮೊಬೈಲಿನ ಪರದೆ ಗೋಡೆಯ ಮೇಲೆ ಆಳೆತ್ತರಕ್ಕೆ ಮೂಡಿತು. ಸರಿಯಾಗಿ ಅದೇ ಗಳಿಗೆಗೆ ಅತ್ತಿಗೆಯ ಮೆಸೇಜ್ ಬಂತು!

'ಬರುವಾಗ ಅಮ್ಮನ ಮಂಡಿಗೆ ಮುಲಾಮು ತಗೊಂಡು ಬಾ. ಆ ಎರಡನೇ ಮದುವೆಯವರು ಮತ್ತೆ ಫೋನ್ ಮಾಡಿದ್ರು. ಮೂವತ್ತೆಂಟಕ್ಕೆ ಇನ್ನೆಂಥವರು ಸಿಗ್ತಾರೆ, ಹೂಂ ಅಂದುಬಿಡು...'

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಮರುಕ್ಷಣ ಗೋಡೆ ಕಪ್ಪಾಯಿತು. ಮೇಷ್ಟ್ರು ಪ್ರೊಜೆಕ್ಟರಿಗೆ ಅಂಗೈ ಅಡ್ಡ ಹಿಡಿದಿದ್ದರು. ಬೆಳಕೆಲ್ಲ ಅವರ ಅಂಗೈ ಮೇಲೆ ಬಿದ್ದಿತ್ತು. ಅವರು ಮಾತ್ರ ಅತ್ತ ನೋಡದೆ ಕಿಟಕಿಯ ಕಡೆ ಮುಖ ತಿರುಗಿಸಿದ್ದರು.

"ಮೊದಲನೇ ಪಾಠ. ಜೋಡಿಸೋಕೆ ಮುಂಚೆ ಮೆಸೇಜ್‌ಗಳ ಬಾಯಿ ಮುಚ್ಚಿಸಬೇಕು. ಒಂದ್ಸಲ ನನಗೂ ಹೀಗೇ ಆಗಿತ್ತು. ಮನೆ ಬಾಡಿಗೆ ಯಾವಾಗ ಕೊಡ್ತೀಯ ಅಂತ ಮಾಲೀಕರು ಇಡೀ ಸಭೆ ಎದುರು ಬೈದಿದ್ರು!"

ಈ ಸಲದ ನಗು ಅವರ ಮೇಲೆ ಹೋಯಿತು.

'ನನ್ನ ಮರ್ಯಾದೆ ಹೋಗಿದ್ದೇ ಇವರಿಗೆ ಪಾಠ ಆಯ್ತಾ!' ಎಂದು ಅವಳು ಉರಿದುಹೋದಳು. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಇಳಿಯಿತು. ಆ ನಗುವನ್ನು ಅವರು ಬೇಕೆಂದೇ ತಮ್ಮ ಮೇಲೆ ಎಳೆದುಕೊಂಡಿದ್ದರು. ತನಗಾಗಿ ಯಾರಾದರೂ ಹೀಗೆ ಕೈ ಅಡ್ಡ ಹಿಡಿದು ಎಷ್ಟು ವರ್ಷವಾಯಿತು...?

ಎಂಟು ಶನಿವಾರಗಳ ತರಬೇತಿ ಅದು. ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿಬಿಟ್ಟಿದ್ದರು, "ಸರ್ಟಿಫಿಕೇಟ್ ತರದವರಿಗೆ ಮುಂದಿನ ವರ್ಷದಿಂದ ಹತ್ತನೇ ಕ್ಲಾಸ್ ಇಲ್ಲ."

ಹದಿನಾಲ್ಕು ವರ್ಷದಿಂದ ಹತ್ತನೇ ತರಗತಿಯ ವಿಜ್ಞಾನ ಅವಳದೇ. ಮನೆ ಅಣ್ಣನದು, ಅಡುಗೆಮನೆ ಅತ್ತಿಗೆಯದು. ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಆ ಒಂದು ತರಗತಿ.

ಮೇಷ್ಟ್ರು ಕಲಿಸುವ ರೀತಿ ಬೇರೆಯೇ ಇತ್ತು. "ಇದರಿಂದ ನಿಮ್ಮ ಮಕ್ಕಳಿಗೇನು ಉಪಯೋಗ, ಅದನ್ನ ಹೇಳಿ. ಉಪಯೋಗ ಇಲ್ಲದಿದ್ರೆ ಸೀಮೆಸುಣ್ಣವೇ ಸಾಕು" ಎನ್ನುತ್ತಿದ್ದರು. ಎಲ್ಲರೂ ಹೋದ ಮೇಲೆ ಅವಳು ವೈರುಗಳನ್ನು ಸುತ್ತಿ ಕೊಡುತ್ತಿದ್ದಳು. ಹಾಗೆ ಸುತ್ತುವಾಗಲೇ ಒಂದು ದಿನ ಹೇಳಿದ್ದರು, "ಹೆಂಡತಿ ಹೋಗಿ ಆರು ವರ್ಷ ಆಯ್ತು ಮೇಡಂ. ಖಾಲಿ ಮನೆಗೆ ಬೀಗ ತೆಗೆಯೋದಕ್ಕಿಂತ ಊರೂರು ತಿರುಗೋದೇ ವಾಸಿ ಅನ್ನಿಸ್ತು."

ಅವಳು ವೈರನ್ನು ಇನ್ನಷ್ಟು ನಿಧಾನವಾಗಿ ಸುತ್ತಿದಳು.

ಐದನೇ ವಾರ ಒಂದು ಕೆಲಸ ಕೊಟ್ಟರು. ತಮ್ಮ ತರಗತಿಯ ಒಂದು ಪಾಠವನ್ನು ವಿಡಿಯೋ ಮಾಡಿ ತರಬೇತಿಯ ಆ್ಯಪ್‌ನಲ್ಲಿ ಕಳಿಸಬೇಕು.

ನೀರಿನ ಲೋಟದಲ್ಲಿಟ್ಟ ಪೆನ್ಸಿಲ್ ಬಾಗಿದಂತೆ ಕಾಣುವ ಪಾಠವನ್ನು ಅವಳು ಆರಿಸಿಕೊಂಡಳು. ಶಾಲೆಯ ಟ್ಯಾಬ್‌ನ ಕ್ಯಾಮೆರಾವನ್ನು ಲೋಟದ ಹತ್ತಿರವಿಟ್ಟು ಗೋಡೆಯ ಮೇಲೆ ತೋರಿಸಿದಳು. ಕೊನೇ ಬೆಂಚಿನವರು "ಮಿಸ್, ನಿಜವಾಗ್ಲೂ ಮುರಿದಂಗಿದೆ!" ಎಂದು ಕೂಗಿದರು. ಇಷ್ಟು ವರ್ಷ ಅವರಿಗೆ ಕಂಡಿದ್ದು ಮುಂದಿನವರ ತಲೆ ಮಾತ್ರ ಎಂಬುದು ಅವಳಿಗೆ ಅಂದೇ ತಿಳಿದದ್ದು.

ಗಂಟೆ ಹೊಡೆಯಿತು. ಮಕ್ಕಳು ಹೋದರು. ಗೆಳತಿ, ಚಿತ್ರಕಲೆಯ ಟೀಚರ್, ಒಳಗೆ ಬಂದಳು. ಆ ಕಡೆ, ವಿಡಿಯೋ ಮಾಡಲು ಕಿಟಕಿಯಲ್ಲಿ ಇಟ್ಟಿದ್ದ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸುವುದೇ ಮರೆತುಹೋಗಿತ್ತು!

ಬಸ್ ನಿಲ್ದಾಣದಲ್ಲಿ, ಅರ್ಧ ಕಣ್ಣು ಮುಚ್ಚಿಕೊಂಡು 'ಕಳಿಸು' ಒತ್ತಿದಳು. ಸಂಜೆ ಬಟ್ಟೆ ಮಡಚುವಾಗ ಒಮ್ಮೆ ತೆರೆದು ನೋಡಿದರೆ... ಇಪ್ಪತ್ತೊಂದು ನಿಮಿಷ! ಮಕ್ಕಳು ಹೊರಗೆ ಹೋಗುವುದೂ ಸೇರಿ ಪಾಠ ಇದ್ದದ್ದು ಹನ್ನೆರಡೇ ನಿಮಿಷ.

ಉಳಿದದ್ದರಲ್ಲಿ ಗೆಳತಿಯ ಮುಂದೆ ಅವಳು ಆಡಿದ ಮಾತುಗಳಿದ್ದವು. "ಶನಿವಾರ ಬರಲಿ ಅಂತ ಸೋಮವಾರದಿಂದಲೇ ಕಾಯ್ತೀನಿ ಕಣೇ. ಅವರು ಇರ್ತಾರಲ್ಲ, ಅದಕ್ಕೆ. ಈ ವಯಸ್ಸಲ್ಲಿ ಇದೆಲ್ಲ ಬೇಕಾ? ನಾಚಿಕೆ ಆಗುತ್ತೆ."

"ನಾಚಿಕೆ ಆದ್ರೆ ಇನ್ನೂ ಜೀವ ಇದೆ ಅಂತ ಅರ್ಥ. ನಮ್ಮ ಯಜಮಾನ್ರನ್ನ ನೋಡಿದ್ರೆ ನನಗೆ ಬರೀ ನಿದ್ದೆ ಬರುತ್ತೆ!"

ಕಳಿಸಿದ್ದನ್ನು ವಾಪಸು ಪಡೆಯಲು ದಾರಿಯಿರಲಿಲ್ಲ. ಅಳಿಸುವ ಅಧಿಕಾರ ಮೇಷ್ಟ್ರಿಗೆ ಮಾತ್ರ.

ಎರಡು ದಿನ ಬಿಟ್ಟು ಅವರ ಟಿಪ್ಪಣಿ ಬಂತು. 'ಪಾಠ ಬಹಳ ಚೆನ್ನಾಗಿದೆ. ಹನ್ನೆರಡನೇ ನಿಮಿಷದ ನಂತರದ್ದು ಅನಗತ್ಯ. ಕತ್ತರಿಸಿ ಮತ್ತೆ ಕಳಿಸಿ.'

ಅನಗತ್ಯ!

ಅಷ್ಟು ಮಾತಿಗೆ ಒಂದೇ ಪದದ ಉತ್ತರ. ಮುಂದಿನ ಶನಿವಾರ ಅವರು ಅವಳ ಕಡೆ ನೋಡಲೂ ಇಲ್ಲ. ಹಾಜರಿ ಪಟ್ಟಿಯತ್ತಲೇ ಕಣ್ಣಿಟ್ಟು "ಮುಂದಿನವರು" ಎಂದರು. ವೈರುಗಳನ್ನೂ ತಾವೇ ಸುತ್ತಿಕೊಂಡರು.

ಏಳನೇ ವಾರ ಅವಳು ಹೋಗಲಿಲ್ಲ. 'ಹತ್ತನೇ ಕ್ಲಾಸ್ ಹೋದ್ರೆ ಹೋಗಲಿ. ಆ ಮುಖ ಮತ್ತೆ ನೋಡೋಕೆ ನನ್ನ ಕೈಲಾಗಲ್ಲ...'

ಸೋಮವಾರ ಗೆಳತಿ ಸ್ಟಾಫ್ ರೂಮಿನಲ್ಲಿ ಅವಳನ್ನು ಹಿಡಿದು ಕೂರಿಸಿದಳು.

"ಬಾ ಇಲ್ಲಿ, ನೀನು ತಪ್ಪಿಸಿಕೊಂಡ ಪಾಠ ಹೋದವರ ಹತ್ರ ಕೇಳ್ಕೊಂಡು ಬಂದಿದ್ದೀನಿ, ಹೇಳಿಕೊಡ್ತೀನಿ. ನಾವು ಹಾಕಿದ ವಿಡಿಯೋನ ಯಾರು, ಎಲ್ಲಿವರೆಗೆ ನೋಡಿದ್ರು ಅಂತ ಈ ಆ್ಯಪ್‌ನಲ್ಲಿ ತೋರಿಸುತ್ತೆ. ನೋಡದೇ ನೋಡಿದೆ ಅನ್ನೋ ಮಕ್ಕಳು ಇನ್ನು ಸಿಕ್ಕಿಬೀಳ್ತಾರೆ!"

ಮನಸ್ಸಿಲ್ಲದ ಮನಸ್ಸಿನಿಂದ ಅವಳು ತನ್ನ ವಿಡಿಯೋ ಮೇಲೆ ಒತ್ತಿದಳು.

ಅವಳನ್ನು ಬಿಟ್ಟರೆ ನೋಡಿದವರು ಒಬ್ಬರು, ಮೇಷ್ಟ್ರು. ಒಂದೇ ಸಲ. ಹನ್ನೆರಡು ನಿಮಿಷ, ಇಪ್ಪತ್ತು ಸೆಕೆಂಡು.

"ಅವರು... ಪೂರ್ತಿ ಕೇಳೇ ಇಲ್ಲ!"

ವಿಡಿಯೋವನ್ನು ಅಲ್ಲಿಯವರೆಗೆ ಓಡಿಸಿದಳು. ಗೆಳತಿ ಕೇಳುತ್ತಿದ್ದಾಳೆ, "ಏನೇ, ನಿಮ್ಮ ತರಬೇತಿ ಮೇಷ್ಟ್ರು ಹೇಗಿದ್ದಾರೆ?" ಆಮೇಲೆ ಅವಳದೇ ಸುಸ್ತಾದ ದನಿ, "ದಯವಿಟ್ಟು ಅವರ ಸುದ್ದಿ ಎತ್ತಬೇಡ."

ಅವರು ನಿಲ್ಲಿಸಿದ್ದು ಅಲ್ಲಿ.

ಕಂಡರಾಗದವರ ಬಗ್ಗೆ ಹೆಂಗಸರು ಆಡುವ ಮಾತೇ ಅದು. ಮನಸ್ಸಿಗೆ ಹತ್ತಿರವಾದವರ ಬಗ್ಗೆ ಆಡುವುದೂ ಅದೇ. ಯಾವುದೆಂದು ತಿಳಿಯಲು ಮುಂದಿನ ಮಾತಿಗೆ ಕಾಯಬೇಕು. ಮರ್ಯಾದಸ್ಥರು ಕಾಯುವುದಿಲ್ಲ.

ಕೊನೆಯ ಶನಿವಾರ ಅವಳು ಹೋದಳು. ಯಾರನ್ನೂ ಕೇಳದೆ ವಿಡಿಯೋವನ್ನು ತಾನೇ ಕತ್ತರಿಸಿ ಕಳಿಸಿದಳು. ಮೇಷ್ಟ್ರು ನೋಡಿ "ಸರಿಯಾಗಿದೆ, ಪಾಸ್" ಎಂದರು. ಆಗಲೂ ತಲೆ ಎತ್ತಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂತು. ಹತ್ತನೇ ತರಗತಿ ಉಳಿಯಿತು. ಎಲ್ಲರೂ ಹೋದರೂ ಅವಳು ಏಳಲಿಲ್ಲ.

"ಮೇಡಂ, ನಿಮ್ಮ ಬಸ್ಸಿಗೆ ಹೊತ್ತಾಗಲ್ವಾ?"

"ಹನ್ನೆರಡು ನಿಮಿಷಕ್ಕೇ ಯಾಕೆ ನಿಲ್ಲಿಸಿದ್ರಿ?"

ವೈರು ಸುತ್ತುತ್ತಿದ್ದ ಅವರ ಕೈ ನಿಂತಿತು. "ಅದು ನಾನು ಕೇಳಬೇಕಾದ ಮಾತಾಗಿರಲಿಲ್ಲ."

"ಕೇಳಿದಷ್ಟರಲ್ಲಿ ಏನು ಅರ್ಥ ಮಾಡ್ಕೊಂಡ್ರಿ?"

"ನನ್ನ ಸುದ್ದಿ ಬೇಡ ಅಂದ್ರಿ. ಬೇಡದವರು ಎದುರಲ್ಲಿ ಸುಳಿದಾಡಬಾರದು ಅಂತ ದೂರ ಇದ್ದೆ. ಆಮೇಲೆ ನೀವು ಬರೋದೇ ಬಿಟ್ರಿ..."

"ನೀವು ಅನಗತ್ಯ ಅಂತ ಬರೆದ್ರಲ್ಲ!"

"ಮತ್ತೇನು ಬರೀಲಿ ಮೇಡಂ? ನನ್ನ ನಂತರ ಇನ್ನಿಬ್ಬರು ಪರೀಕ್ಷಕರು ಆ ವಿಡಿಯೋ ನೋಡ್ತಾರೆ. ಅವರ ಕೈಗೆ ಹೋಗೋಕೆ ಮುಂಚೆ ನಿಮ್ಮ ಮಾತು ನಿಮ್ಮ ಹತ್ರವೇ ಉಳೀಲಿ ಅಂತ..."

"ಅರ್ಧ ಉತ್ತರ ಓದಿ ಮಕ್ಕಳನ್ನ ಫೇಲ್ ಮಾಡ್ತೀರಾ?"

"ಇಲ್ಲ."

"ನನ್ನ ಮಾತ್ರ ಮಾಡಿದ್ರಿ."

ಅವರು ಮೊದಲ ಸಲ ಅವಳನ್ನು ನೇರವಾಗಿ ನೋಡಿದರು. "ಹಾಗಾದ್ರೆ... ಉಳಿದದ್ದು ಕೇಳಬಹುದಾ? ಹಳೇ ವಿಡಿಯೋ ಇನ್ನೂ ಇದೆ."

"ಬೇಡ. ಅಳಿಸಿಬಿಡಿ."

ಅವರು ಮರುಮಾತಿಲ್ಲದೆ ಅಳಿಸಿದರು. "ಹೋಯ್ತು. ಇನ್ನು ನನಗೆ ಗೊತ್ತಾಗೋದು ಹೇಗೆ?"

"ನಾನಿಲ್ಲೇ ಇದ್ದೀನಲ್ಲ. ಕೂತ್ಕೊಳ್ಳಿ, ಹೇಳ್ತೀನಿ."

ಅವರು ಬೆಂಚಿನ ಮೇಲೆ ಕೂತರು. ನಲವತ್ತು ಮಕ್ಕಳ ಮುಂದೆ ಎಂದೂ ನಡುಗದ ದನಿ ಒಬ್ಬರ ಮುಂದೆ ನಡುಗಿತು.

"ನನಗೆ ತುಂಬಾ ಸುಸ್ತಾಗಿದೆ. ಮನೇಲಿ, ಶಾಲೇಲಿ, ಎಲ್ಲರಿಗೂ ಹೂಂ ಅಂದು ಅಂದು... ಶನಿವಾರ ಮಾತ್ರ ಸುಸ್ತು ಅನ್ನಿಸ್ತಿರಲಿಲ್ಲ. ನೀವಿರ್ತಿದ್ರಿ. ಅಷ್ಟೇ. ಅಷ್ಟನ್ನೇ ನಾನು ಆ ಗೆಳತಿ ಹತ್ರ ಹೇಳಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜು ಮಾತ್ರವಲ್ಲ, ಕಣ್ಣೂ ಒರೆಸಬೇಕಾಯಿತು.

"ನನಗೂ ಸುಸ್ತಾಗಿದೆ" ಎಂದರು ಕೊನೆಗೆ. "ಲಾಡ್ಜ್ ರೂಮಿನ ದಿಂಬುಗಳಿಂದ. ನಿಮ್ಮೂರಿನ ಪಾಳಿ ಮುಗಿಯೋದೇ ಬೇಡ ಅಂತಿದ್ದೆ ನಾನು. ಮುಂದಿನ ವಾರದಿಂದ ಇನ್ನೊಂದು ಊರು. ನಾಲ್ಕು ಗಂಟೆ ದಾರಿ."

"ಭಾನುವಾರ ರಜಾ ತಾನೇ?"

"ರಜಾ."

"ಹಾಗಾದ್ರೆ ಮನೆಗೆ ಬನ್ನಿ. ಮೊದಲೇ ಹೇಳಿಬಿಡ್ತೀನಿ, ನಮ್ಮತ್ತಿಗೆ ನೂರು ಪ್ರಶ್ನೆ ಕೇಳ್ತಾರೆ."

"ಉತ್ತರ ಗೊತ್ತಾಗದಿದ್ರೆ?"

"ನನ್ನ ಕಡೆ ನೋಡಿ" ಎಂದಳು ಅವಳು. "ಹೇಳಿಕೊಡ್ತೀನಿ."